ಲಕ್ಷದ್ವೀಪದ ಎರಡು ನುಡಿಗಳು

ಪ್ರವೇಶ ಪರವಾನಗಿ ಕೈಗೆ ಬಂದ ಮೇಲೆ ಕೊಚ್ಚಿಯಲ್ಲಿ ಹಡಗು ಹತ್ತಿದೆವು. ಲಕ್ಷದ್ವೀಪದಲ್ಲಿ 36 ದ್ವೀಪಗಳಿದ್ದರೂ ಜನವಸತಿಯಿರುವುದು 10ರಲ್ಲಿ ಮಾತ್ರ. ನೆಲವನ್ನೆಲ್ಲ ಕೂಡಿಸಿದರೆ ಸುಮಾರು 32 ಚದರ ಕಿಲೋಮೀಟರ್, 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 64,473. ಇಷ್ಟು ಪುಟ್ಟ ಕೇಂದ್ರಾಡಳಿತ ಪ್ರದೇಶದಲ್ಲಿ ಎರಡು ಬೇರೆ ಭಾಷಾಕುಟುಂಬಗಳ ನುಡಿಗಳು ಬಾಳುತ್ತಿವೆ. ನನ್ನನ್ನು ಅಲ್ಲಿಗೆ ಸೆಳೆದದ್ದು ಕಡಲಿಗಿಂತ ಹೆಚ್ಚಾಗಿ ಈ ಸಂಗತಿಯೇ.

ರಾಜಧಾನಿ ಕವರತ್ತಿಯಲ್ಲಿ ಕೇಳಿಬರುವುದು ಜೆಸೆರಿ. ಮಲಯಾಳಂಗೆ ತೀರ ಹತ್ತಿರವಾದ ದ್ರಾವಿಡ ನುಡಿಯಾದರೂ ಮಲಯಾಳಂ ಬಲ್ಲವರೂ ಮೊದಮೊದಲು ಕಿವಿಗೊಟ್ಟು ಆಲಿಸಬೇಕಾಗುತ್ತದೆ, ಏಕೆಂದರೆ ಪದದ ಮೊದಲಿನ ಪಕಾರ ಇಲ್ಲಿ ಫಕಾರವಾಗಿ, ಮಸೀದಿಯನ್ನು ಸೂಚಿಸುವ 'ಪಳ್ಳಿ' 'ಫಳ್ಳಿ'ಯಾಗುತ್ತದೆ. ದ್ವೀಪದಿಂದ ದ್ವೀಪಕ್ಕೆ ಉಚ್ಚಾರವೂ ಬದಲಾಗುತ್ತದೆ. ಮನೆಯಲ್ಲೂ ದೋಣಿಯಲ್ಲೂ ಸಲೀಸಾಗಿ ಹರಿಯುವ ಈ ಮಾತಿಗೆ ಶಾಲೆಯಲ್ಲಿ ಮಲಯಾಳಂಗೆ ಇರುವ ಸ್ಥಾನವಿಲ್ಲ ಎಂಬುದು ನನಗೆ ನೋವಿನ ವಿಷಯ.

ಉತ್ತರದ ಅಮೀನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳೊಂದಿಗೆ ನಮ್ಮ ಕರಾವಳಿಗೆ ಹಳೆಯ ನಂಟಿದೆ. 1787ರಲ್ಲಿ ಟಿಪ್ಪುವಿನ ಆಳ್ವಿಕೆಗೆ ಬಂದ ಈ ಅಮಿನ್‌ದಿವಿ ದ್ವೀಪಗಳು 1799ರ ನಂತರ ಬ್ರಿಟಿಷರ ವಶವಾಗಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದವರು ಹಾಯಿ ಓಡಗಳಲ್ಲಿ ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು, ಅಕ್ಕಿ ತುಂಬಿಕೊಂಡು ಮರಳುತ್ತಿದ್ದರು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ 1956ರ ನವೆಂಬರ್ 1ರಂದೇ ಈ ದ್ವೀಪಗಳು ಜಿಲ್ಲೆಯಿಂದ ಬೇರೆಯಾಗಿ ಕೇಂದ್ರದ ಆಡಳಿತಕ್ಕೆ ಹೋದವು.

ಒಂಬತ್ತು ಡಿಗ್ರಿ ಕಾಲುವೆ ಎಂಬ ಕಡಲ ಹರವನ್ನು ದಾಟಿ ದಕ್ಷಿಣದ ಮಿನಿಕಾಯ್ ತಲುಪಿದರೆ ಮಾತಿನ ಲೋಕವೇ ಬದಲಾಗುತ್ತದೆ. ಸ್ಥಳೀಯರು ಮಲಿಕು ಎನ್ನುವ ಈ ದ್ವೀಪದ ಮಹಲ್ ನುಡಿ ಮಾಲ್ದೀವ್ಸ್‌ನ ದಿವೇಹಿಯ ಒಂದು ಪ್ರಭೇದ. ಸಿಂಹಳದ ನಂಟಿರುವ ಇಂಡೋ-ಆರ್ಯನ್ ಭಾಷೆ. ಅದರ ಥಾನಾ ಲಿಪಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಒಬ್ಬ ಹಿರಿಯರು ನನ್ನ ಟಿಪ್ಪಣಿ ಪುಸ್ತಕದಲ್ಲಿ ಅಕ್ಷರಗಳನ್ನು ಒಂದೊಂದಾಗಿ ಬರೆದು ತೋರಿಸಿದರು. ಮೊದಲ ಒಂಬತ್ತು ಅಕ್ಷರಗಳು ಅರಬ್ಬಿಯ ಒಂದರಿಂದ ಒಂಬತ್ತರವರೆಗಿನ ಅಂಕೆಗಳಿಂದ ಹುಟ್ಟಿದವು, ಮುಂದಿನ ಒಂಬತ್ತು ಹಳೆಯ ಸ್ಥಳೀಯ ಅಂಕೆಗಳಿಂದ. ಸ್ವರಗಳನ್ನು ಅಕ್ಷರದ ಮೇಲೆ ಅಥವಾ ಕೆಳಗೆ ಪುಟ್ಟ ಗೀಟುಗಳಾಗಿ ಇಡುತ್ತಾರೆ. ಅವರ ಪೆನ್ನು ಮೊದಲು ಅಕ್ಷರವನ್ನು ಮುಗಿಸಿ, ಆಮೇಲೆ ಹಿಂದಿರುಗಿ ಆ ಗೀಟನ್ನು ಸೇರಿಸುತ್ತಿತ್ತು.

ಪಕ್ಕದಲ್ಲೇ ಮಾಸ್ ಒಣಗುತ್ತಿತ್ತು. ಗಾಳಕೋಲಿನಿಂದ ಒಂದೊಂದಾಗಿ ಹಿಡಿದ ಟ್ಯೂನಾ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಬಿಸಿಲಿಗೆ ಹಾಕಿದರೆ ಅದು ಮರದ ತುಂಡಿನಷ್ಟು ಗಟ್ಟಿಯಾಗುತ್ತದೆ. ಮಾಲ್ದೀವ್ಸ್‌ನ ಅಡುಗೆಯಲ್ಲೂ ಇದೇ ಮಾಸ್ ಇದೆ. 1976ರ ಒಪ್ಪಂದದಲ್ಲಿ ಭಾರತ ಮತ್ತು ಮಾಲ್ದೀವ್ಸ್ ನಡುವೆ ಕಡಲಗಡಿ ನಿಗದಿಯಾಯಿತು. ಆ ಗಡಿಯ ಎರಡೂ ಕಡೆ ಊಟವೂ ಮಾತೂ ಈಗಲೂ ಹೊಂದುತ್ತವೆ. ಆದರೆ ಮಿನಿಕಾಯ್‌ನವರು ಕವರತ್ತಿಯವರೊಂದಿಗೆ ಮಾತಾಡಬೇಕೆಂದರೆ ಶಾಲೆಯಲ್ಲಿ ಕಲಿತ ಮಲಯಾಳಂ ಅನ್ನೇ ಬಳಸುತ್ತಾರೆ.