ಪಿಟಿ 200, ಪಿಎಫ್ 1,080: ಖಾಸಗಿ ಶಾಲೆಯ ಸಂಬಳ ಚೀಟಿ ಓದುವ ಕೆಲಸ

ಶಿಕ್ಷಕರ ಸಂಘದ ಕಚೇರಿಗೆ ಬರುವ ದೂರು ಹೆಚ್ಚಾಗಿ 'ಸಂಬಳ ಸಾಲದು' ಎಂದೇ ಶುರುವಾಗುತ್ತದೆ. ಬೆಂಗಳೂರಿನ ಅನುದಾನರಹಿತ ಶಾಲೆಯೊಂದರ ಆಡಳಿತ ಮಂಡಳಿಯನ್ನು ಕೂರಿಸಿಕೊಂಡು ಸಂಬಳ ಏರಿಸಿ ಎಂದು ಒಪ್ಪಿಸುವುದು ಸುಲಭವಲ್ಲ. ಆದರೆ ಅವರೇ ಒಪ್ಪಿಕೊಂಡ ಸಂಬಳವನ್ನು ತುಂಡು ತುಂಡು ಮಾಡಿ ಪಿಎಫ್ (ಭವಿಷ್ಯ ನಿಧಿ), ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗಬೇಕಾದ ಇಡಿಗಂಟು) ಉಳಿಸಿಕೊಳ್ಳುವುದನ್ನು ಕಾಗದದ ಮೇಲೆಯೇ ಹಿಡಿಯಬಹುದು. ಅದಕ್ಕೇ ಈ ಕೆಲಸದಲ್ಲಿ ಮೊದಲು ಕೇಳುವುದು ಸಂಬಳ ಚೀಟಿಯನ್ನು.

ಸಾಮಾನ್ಯವಾಗಿ ಕಾಣುವ ಚೀಟಿ ಹೀಗಿರುತ್ತದೆ: ಮೂಲ ವೇತನ 9,000, ಮನೆ ಬಾಡಿಗೆ ಭತ್ಯೆ 5,000, ಪ್ರಯಾಣ ಭತ್ಯೆ 2,000, ವಿಶೇಷ ಭತ್ಯೆ 12,000. ಒಟ್ಟು 28,000. ಕಡಿತದ ಕಡೆ ವೃತ್ತಿ ತೆರಿಗೆ (ಪಿಟಿ) 200, ಪಿಎಫ್ 1,080. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ಕಡಿತವಾಗುವುದು ತಿಂಗಳ ಸಂಬಳ 25,000 ಮತ್ತು ಅದಕ್ಕಿಂತ ಹೆಚ್ಚಿದ್ದಾಗ. ಅಂದರೆ ತೆರಿಗೆ ಇಲಾಖೆಗೆ ಶಾಲೆ ಹೇಳಿದ್ದು 'ಈ ಮೇಡಂಗೆ 25,000ಕ್ಕೆ ಕಡಿಮೆಯಿಲ್ಲ' ಎಂದು. ಪಿಎಫ್ ಕಚೇರಿಗೆ ಹೇಳಿದ್ದು '9,000' ಎಂದು. 1,080 ಅಂದರೆ 9,000ದ ಶೇ 12. ಶಾಲೆಯೇ ಕೈಯಾರೆ ಬರೆದುಕೊಟ್ಟ ಸಾಕ್ಷ್ಯವಿದು.

ಪಿಎಫ್‌ನ ವೇತನ ಮಿತಿ 2014ರ ಸೆಪ್ಟೆಂಬರ್ 1ರಿಂದ 15,000. ಈ ಮಿತಿಗೆ ತಕ್ಕಂತೆ ಕಟ್ಟಿದರೆ ಶಿಕ್ಷಕರ ಪಾಲು 1,800, ಶಾಲೆಯ ಪಾಲು 1,800. ಕಟ್ಟುತ್ತಿರುವುದು 1,080ರಂತೆ. ಒಬ್ಬೊಬ್ಬರ ಕಡೆಯಿಂದ 720 ಕಡಿಮೆ, ಎರಡೂ ಸೇರಿ ತಿಂಗಳಿಗೆ 1,440, ವರ್ಷಕ್ಕೆ 17,280. ಎಲ್ಲರಿಗೂ ಒಂದೇ ಸಮನೆ ಕೊಡುವ 'ವಿಶೇಷ ಭತ್ಯೆ'ಯನ್ನು ಪಿಎಫ್ ಲೆಕ್ಕದಿಂದ ಹೊರಗಿಡುವಂತಿಲ್ಲ ಎಂದು 2019ರ ಫೆಬ್ರುವರಿ 28ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆ ಪ್ರಕರಣದ ಹೆಸರು ಹೊತ್ತಿದ್ದು ಕಾರ್ಖಾನೆಯಲ್ಲ, ಪಶ್ಚಿಮ ಬಂಗಾಳದ ವಿವೇಕಾನಂದ ವಿದ್ಯಾಮಂದಿರ ಎಂಬ ಶಾಲೆ. ಆಡಳಿತ ಮಂಡಳಿಯ ಮುಂದೆ ಮಾತಾಡುವಾಗ ಇದನ್ನು ಹೇಳಿದರೆ 'ಅದೆಲ್ಲ ಫ್ಯಾಕ್ಟರಿಗಳಿಗೆ ಸಾರ್' ಎಂಬ ಉತ್ತರ ಅಲ್ಲಿಗೇ ನಿಲ್ಲುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಇನ್ನೊಂದು ಹಿಡಿತವಿದೆ: ಹೊರಗಿಡುವ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾದರೆ, ಹೆಚ್ಚಾದಷ್ಟೂ ಮರಳಿ ವೇತನಕ್ಕೇ ಸೇರುತ್ತದೆ. ಹಾಗಾಗಿ 28,000ದಲ್ಲಿ ಏನೇ ಹೆಸರಿಟ್ಟು ಒಡೆದರೂ ವೇತನ 14,000ಕ್ಕಿಂತ ಕೆಳಗಿಳಿಯುವುದಿಲ್ಲ.

ಇನ್ನೊಂದು ಚಾಳಿ, ಶಾಲೆ ಕಟ್ಟಬೇಕಾದ ಶೇ 12ನ್ನೂ ಶಿಕ್ಷಕರ ಸಂಬಳದಿಂದಲೇ ಮುರಿದುಕೊಳ್ಳುವುದು. ನೇಮಕದ ವೇಳೆ 'ಸಿಟಿಸಿ' (ನೌಕರರಿಗಾಗಿ ಶಾಲೆಗೆ ತಗಲುವ ಒಟ್ಟು ವೆಚ್ಚ) ಎಂದು ಹೇಳಿ ಇದನ್ನು ಸಹಜವೆಂಬಂತೆ ತೋರಿಸುತ್ತಾರೆ. ಸಂಬಳ ಇಷ್ಟು ಎಂದು ಒಪ್ಪಿಕೊಂಡ ಮೇಲೆ ಮಾಲೀಕರ ಪಾಲನ್ನು ಅದರಿಂದ ಕಡಿತ ಮಾಡುವಂತಿಲ್ಲ. ಚೀಟಿಯಲ್ಲಿ ಪಿಎಫ್ ಎರಡು ಸಾಲಿನಲ್ಲಿ ಕಡಿತವಾಗಿದೆಯೇ ಎಂದು ನೋಡಿ. ನಂತರ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆಯಿರಿ. ಒಂದು ತಿಂಗಳ ಹಣ ಮುಂದಿನ ತಿಂಗಳ 15ರೊಳಗೆ ಜಮೆಯಾಗಬೇಕು. ಚೀಟಿಯಲ್ಲಿ ಕಡಿತವಿದ್ದು ಪಾಸ್‌ಬುಕ್‌ನಲ್ಲಿ ಜಮೆ ಇಲ್ಲದಿದ್ದರೆ ಅದು ಬೇರೆಯೇ, ಇನ್ನೂ ಗಂಭೀರವಾದ ದೂರು. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಬೇಡಿ.

ಸಂಬಳ 21,000ದೊಳಗಿದ್ದವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ನೋಡಬೇಕು. ಶಿಕ್ಷಕರಿಂದ ಶೇ 0.75, ಶಾಲೆಯಿಂದ ಶೇ 3.25. 18,000 ಸಂಬಳಕ್ಕೆ 135 ಮತ್ತು 585 ರೂಪಾಯಿ. ಗರ್ಭಿಣಿಯರಿಗೆ 'ರಾಜೀನಾಮೆ ಕೊಟ್ಟು ಹೋಗಿ, ಆಮೇಲೆ ನೋಡೋಣ' ಎನ್ನುವ ಶಾಲೆಗಳಿವೆ. ಇಎಸ್‌ಐ ಇದ್ದರೆ 26 ವಾರಗಳ ಹೆರಿಗೆ ಭತ್ಯೆ ಕೊಡುವುದು ಇಎಸ್‌ಐ ನಿಗಮ, ಶಾಲೆಯಲ್ಲ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) 70 ದಿನಗಳ ವಂತಿಗೆ ಇರಬೇಕು. ಅದಕ್ಕೇ ಹೆರಿಗೆಗೆ ಮುನ್ನ ರಾಜೀನಾಮೆಗೆ ಸಹಿ ಹಾಕುವುದು ತಪ್ಪು ಹೆಜ್ಜೆ.

ಅತಿ ಹೆಚ್ಚು ಗೊಂದಲ ಇರುವುದು ಬೇಸಿಗೆ ರಜೆಯಲ್ಲಿ. ನೇಮಕಾತಿ ಆದೇಶ ಜೂನ್ 1ರಿಂದ ಮಾರ್ಚ್ 31ರವರೆಗೆ; ಏಪ್ರಿಲ್, ಮೇ ಸಂಬಳವಿಲ್ಲ; ಜೂನ್‌ನಲ್ಲಿ ಹೊಸ ಆದೇಶ. ಎಂಟು ವರ್ಷ ಹೀಗೇ ದುಡಿದವರು ಗ್ರಾಚ್ಯುಟಿ ಕೇಳಿದಾಗ 'ಸತತ ಸೇವೆ ಎಲ್ಲಿದೆ?' ಎಂಬ ಉತ್ತರ ಬರುತ್ತದೆ. ಕಾನೂನಿನ ಲೆಕ್ಕ ಬೇರೆ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷ ಸತತ ಸೇವೆಯೇ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಸಂಸ್ಥೆಯಾದರೆ 190 ದಿನ ಸಾಕು. ಶನಿವಾರ ರಜೆ ಇರುವ ಶಾಲೆಯವರು ಈ 190ನ್ನು ಮರೆತೇಬಿಡುತ್ತಾರೆ. ಜೂನ್ 1ರಿಂದ ಮಾರ್ಚ್ 31ರವರೆಗೆ 304 ದಿನಗಳಿವೆ. ಸಂಬಳಸಹಿತ ಭಾನುವಾರ, ಹಬ್ಬದ ರಜೆಗಳನ್ನು ಸೇರಿಸಿ ಎಣಿಸಿದರೆ ಮಿತಿ ದಾಟುವುದು ಕಷ್ಟವಲ್ಲ. ಮೇಲಾಗಿ ನೌಕರರ ತಪ್ಪಿಲ್ಲದೆ ಕೆಲಸ ನಿಂತಿದ್ದರೆ ಅದು ಸೇವೆಯನ್ನು ಕಡಿಯುವುದಿಲ್ಲ. ಶಾಲೆಗೆ ಬೀಗ ಹಾಕಿದ್ದು ಶಿಕ್ಷಕರಲ್ಲವಲ್ಲ.

ಗ್ರಾಚ್ಯುಟಿಯ ಸೂತ್ರ: ಕೊನೆಯ ತಿಂಗಳ ವೇತನವನ್ನು (ಮೂಲ ವೇತನ, ತುಟ್ಟಿಭತ್ಯೆ, ಜೊತೆಗೆ ಸಂಹಿತೆಯಂತೆ ವೇತನಕ್ಕೆ ಮರಳಿ ಸೇರುವ ಭತ್ಯೆ) 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವಾ ವರ್ಷಗಳಿಂದ ಗುಣಿಸುವುದು. ಆರು ತಿಂಗಳು ಮೀರಿದ ಭಾಗ ಒಂದು ವರ್ಷವೆನಿಸುತ್ತದೆ. 7 ವರ್ಷ 8 ತಿಂಗಳು ಅಂದರೆ 8. ವೇತನ 22,000 ಇದ್ದರೆ 1,01,538 ರೂಪಾಯಿ. ಚೀಟಿಯಲ್ಲಿ 9,000 ಎಂದು ಬರೆಸಿಕೊಂಡವರಿಗೆ ಅದೇ ಎಂಟು ವರ್ಷಕ್ಕೆ ಶಾಲೆ ತೋರಿಸುವುದು 41,538. ಸೇರುವ ದಿನ ಒಡೆದ ಸಂಬಳದ ಪೆಟ್ಟು ಬಿಡುವ ದಿನ ಗೊತ್ತಾಗುವುದು ಹೀಗೆ. 'ಶಿಕ್ಷಕರಿಗೆ ಗ್ರಾಚ್ಯುಟಿಯೇ ಇಲ್ಲ' ಎಂದು ಇನ್ನೂ ಹೇಳುವವರಿದ್ದಾರೆ. 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದಲೇ ಅನ್ವಯಿಸುವಂತೆ ಶಿಕ್ಷಕರನ್ನು ಸೇರಿಸಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿ 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತವು.

ಬೇಸಿಗೆಯಲ್ಲಿ ಕೈ ಖಾಲಿಯಾಯಿತೆಂದು ಪಿಎಫ್ ಹಣ ಪೂರ್ತಿ ತೆಗೆಯುವ ಅಭ್ಯಾಸದಿಂದ ನಷ್ಟವೇ ಹೆಚ್ಚು. ಪಿಎಫ್ ಜೊತೆಗೇ ಬರುವ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು. ಪಿಂಚಣಿ ಭಾಗವನ್ನೂ ತೆಗೆದರೆ ಎಣಿಕೆ ಮತ್ತೆ ಸೊನ್ನೆಯಿಂದ. ಶಾಲೆ ಬದಲಾದರೆ ಹಳೆಯ ಖಾತೆಯನ್ನು ಅದೇ ಯುಎಎನ್‌ಗೆ (ಶಾಲೆ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ವರ್ಗಾಯಿಸಿಕೊಳ್ಳಿ, ಹಳೆಯ ಶಾಲೆ ನಿರ್ಗಮನದ ದಿನಾಂಕ ನಮೂದಿಸಿದೆಯೇ ನೋಡಿ.

ದೂರು ಎಲ್ಲಿಗೆ ಒಯ್ಯಬೇಕು ಎಂಬಲ್ಲಿ ಒಂದು ವಿಚಿತ್ರವಿದೆ. ಸುಪ್ರೀಂ ಕೋರ್ಟ್‌ನ 1978ರ ಬೆಂಗಳೂರು ಜಲಮಂಡಳಿ ತೀರ್ಪಿನ ಪ್ರಕಾರ ಕಾರ್ಮಿಕ ಕಾನೂನಿನ ಕಣ್ಣಲ್ಲಿ ಶಿಕ್ಷಣ ಸಂಸ್ಥೆ 'ಉದ್ಯಮ'. ಅದೇ ಕೋರ್ಟ್‌ನ 1988ರ ಸುಂದರಾಂಬಾಳ್ ತೀರ್ಪಿನ ಪ್ರಕಾರ ಅಲ್ಲಿನ ಶಿಕ್ಷಕಿ 'ಕೆಲಸಗಾರ'ಳಲ್ಲ. ಹಾಗಾಗಿ ಅದೇ ಶಾಲೆಯ ಬಸ್ ಚಾಲಕ, ಆಯಾ, ಅಟೆಂಡರ್ ವಜಾ ಆದರೆ ಕಾರ್ಮಿಕ ಇಲಾಖೆಯ ಸಂಧಾನಕ್ಕೆ ಹೋಗಬಹುದು. ಶಿಕ್ಷಕರು ಹೋದರೆ ವಾಪಸ್ ಕಳಿಸುತ್ತಾರೆ. ಗ್ರಾಚ್ಯುಟಿಯ ಅರ್ಜಿಗೆ ಮಾತ್ರ ಕಾರ್ಮಿಕ ಇಲಾಖೆಯ ನಿಯಂತ್ರಣಾಧಿಕಾರಿಯೇ ಸರಿಯಾದ ಬಾಗಿಲು. ವಜಾಕ್ಕೆ ದಾರಿ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿದೆ: ಸೆಕ್ಷನ್ 92ರಂತೆ ಆರೋಪ ತಿಳಿಸಿ ವಿಚಾರಣೆ ನಡೆಸದೆ ತೆಗೆಯುವಂತಿಲ್ಲ, ತೆಗೆದರೆ ಸೆಕ್ಷನ್ 94ರಡಿ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಮೇಲ್ಮನವಿ. ಶಿಕ್ಷಣ ಇಲಾಖೆಯ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಡಿಡಿಪಿಐ (ಜಿಲ್ಲಾ ಉಪನಿರ್ದೇಶಕರು) ಕಚೇರಿಗಳಿಗೆ ಅರ್ಜಿ ಕೊಟ್ಟು ಕಾಯುತ್ತಾ ಈ ಮೂರು ತಿಂಗಳು ಕಳೆದುಕೊಂಡವರೇ ಹೆಚ್ಚು. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಿಗೆ ಈ ಕಾಯ್ದೆಯ ಎಲ್ಲ ಭಾಗ ಅನ್ವಯಿಸುವುದಿಲ್ಲವಾದ್ದರಿಂದ ಅಲ್ಲಿಯವರು ಮೊದಲ ವಾರದಲ್ಲೇ ವಕೀಲರನ್ನು ನೋಡುವುದು ಕ್ಷೇಮ.

'ನಾಳೆಯಿಂದ ಬರಬೇಡಿ' ಎಂದು ಬಾಯಲ್ಲಿ ಹೇಳಿದರೆ? ಮನೆಯಲ್ಲಿ ಕೂತರೆ 'ತಾವೇ ಬಿಟ್ಟುಹೋದರು' ಎಂಬ ಕಥೆ ತಯಾರಾಗುತ್ತದೆ. ಮರುದಿನ ಹೋಗಿ ಹಾಜರಾತಿ ಪುಸ್ತಕ ಕೇಳಿ. ಸಹಿಗೆ ಬಿಡದಿದ್ದರೆ ಅದೇ ದಿನ, ಗಂಟೆ ನಮೂದಿಸಿ, 'ಕೆಲಸಕ್ಕೆ ಹಾಜರಾಗಿದ್ದೆ, ಸಹಿ ಮಾಡಲು ಬಿಡಲಿಲ್ಲ' ಎಂದು ಮುಖ್ಯಶಿಕ್ಷಕರಿಗೂ ಕಾರ್ಯದರ್ಶಿಗೂ ಇಮೇಲ್ ಮತ್ತು ಅಂಚೆ ಎರಡರಲ್ಲೂ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ. ತಲುಪಿದ ದಾಖಲೆಯನ್ನು ಮುದ್ರಿಸಿಟ್ಟುಕೊಳ್ಳಿ. ಸೇರುವಾಗಲೇ ದಿನಾಂಕವಿಲ್ಲದ ರಾಜೀನಾಮೆ ಬರೆಸಿಕೊಂಡಿದ್ದರೆ, ಅದು ನನ್ನ ಇಚ್ಛೆಯದಲ್ಲ ಎಂಬ ಇಮೇಲ್ ತಡಮಾಡದೆ ಹೋಗಿರಬೇಕು. ವಜಾ ಆದಮೇಲೆ ಬರೆದರೆ ಅದರ ತೂಕ ಅರ್ಧವೂ ಇರುವುದಿಲ್ಲ.

ಕೆಲಸದ ಹೊರೆಯ ಬಗ್ಗೆ ಒಂದೇ ಮಾತು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅನುಸೂಚಿಯ ವಾರಕ್ಕೆ 45 ಗಂಟೆಯನ್ನು ತೋರಿಸಿ ಸಂಜೆಯವರೆಗೆ ಕೂರಿಸುತ್ತಾರೆ. ಅಲ್ಲಿರುವ ಮಾತು 'ಸಿದ್ಧತೆಯ ಸಮಯವೂ ಸೇರಿ'. ಮನೆಯಲ್ಲಿ ತಿದ್ದುವ ನೋಟ್‌ಬುಕ್ಕು, ಬರೆಯುವ ಪಾಠಯೋಜನೆ ಇದರೊಳಗೇ ಬರಬೇಕು. ಬದಲಿ ಪಿರಿಯಡ್‌ಗಳನ್ನು ದಿನಾಂಕಸಹಿತ ಡೈರಿಯಲ್ಲಿ ಬರೆದಿಡಿ. ವೇಳಾಪಟ್ಟಿಯಲ್ಲಿ 30, ಡೈರಿಯಲ್ಲಿ 37 ಎಂದು ಕಂಡಾಗ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ.

ಉಳಿದಂತೆ, ಪ್ರತಿ ಜೂನ್‌ನ ಆದೇಶ, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 ಇವನ್ನು ಶಾಲೆಯ ಇಮೇಲ್ ಖಾತೆಯಲ್ಲಿ ಇಡಬೇಡಿ. ಬಿಡುವ ದಿನ ಮೊದಲು ಮುಚ್ಚುವುದು ಅದೇ ಖಾತೆಯನ್ನು. ಆದೇಶದ ಪ್ರತಿಯೇ ಕೊಟ್ಟಿಲ್ಲವೆಂದರೆ ಯು-ಡೈಸ್‌ಗೆ (ಶಾಲೆಗಳ ಸರ್ಕಾರಿ ಮಾಹಿತಿ ಜಾಲತಾಣ) ಶಾಲೆ ತುಂಬಿಸಿದ ಶಿಕ್ಷಕರ ವಿವರದಲ್ಲಿ ನಿಮ್ಮ ಹೆಸರಿರುತ್ತದೆ. ಸೇವೆಯನ್ನೇ ಅಲ್ಲಗಳೆದಾಗ ತರಿಸಬೇಕಾದ ಕಾಗದ ಅದು.