ಅಮ್ಮನ ಉಸಿರು ಎಣಿಸಿದ ರಾತ್ರಿ

2021ರ ಮೇ ತಿಂಗಳು, ಕೊರೊನಾ ಕಾಲ. ಅಮ್ಮನಿಗೆ ಜ್ವರ ಹತ್ತಿ ಆರನೇ ದಿನ. ತಿಪಟೂರಿನ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ನಾವಿಬ್ಬರೇ. ಬೆರಳಿಗೆ ಸಿಕ್ಕಿಸಿದ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ 95 ತೋರಿಸುತ್ತಿತ್ತು. 94ಕ್ಕಿಂತ ಕೆಳಗಿಳಿದರೆ ಫೋನ್ ಮಾಡಿ ಅಂದಿದ್ದರು ಡಾಕ್ಟರು. ಇಳಿದಿರಲಿಲ್ಲ. ಆದರೆ ಅಮ್ಮ ಮಾತಿನ ನಡುವೆ ತಡೆದು ತಡೆದು ಉಸಿರೆಳೆದುಕೊಳ್ಳುತ್ತಿದ್ದಳು.

ಗೋಡೆ ಗಡಿಯಾರ ನೋಡುತ್ತ, ಹೊದಿಕೆಯ ಏರಿಳಿತ ಎಣಿಸಿದೆ. ನಿಮಿಷಕ್ಕೆ 19. ಮತ್ತೆ ಎಣಿಸಿದರೆ 23.

"ಯಾಕೋ ಹಂಗ್ ನೋಡ್ತಾ ಕೂತಿದೀಯ? ನಂಗೇನೂ ಆಗಿಲ್ಲ, ಹೋಗಿ ಮಲಕ್ಕೋ."

ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾದರೆ ಸಾಕು, ಉಸಿರಿನ ಲಯ ಬದಲಾಗುತ್ತದೆ. ಅಮ್ಮ ನನಗೋಸ್ಕರ ನಿಧಾನವಾಗಿ ಉಸಿರಾಡುತ್ತಿದ್ದಳು.

ನಾನು ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುವವನು. ಬ್ಯಾಗಿನಲ್ಲಿ ಮ್ಯಾಕ್ಸ್ 30102 ಅನ್ನುವ ಪುಟ್ಟ ಸೆನ್ಸರ್, ಅದನ್ನು ಓದುವ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇದ್ದವು. ಆಕ್ಸಿಮೀಟರಿನಂತೆ ಇದೂ ಬೆರಳಿಗೆ ಕೆಂಪು ಮತ್ತು ಅವಕೆಂಪು ಬೆಳಕು ಬಿಡುತ್ತದೆ. ಪ್ರತಿ ಬಡಿತಕ್ಕೂ ಬೆರಳಲ್ಲಿ ರಕ್ತ ತುಂಬಿ, ವಾಪಸ್ ಬರುವ ಬೆಳಕು ಕೊಂಚ ಕಮ್ಮಿಯಾಗುತ್ತದೆ. ಉಸಿರೆಳೆದಾಗ, ಬಿಟ್ಟಾಗ ಎದೆಯೊಳಗಿನ ಒತ್ತಡ ಬದಲಾಗುವುದರಿಂದ ಆ ಬೆಳಕನ್ನು ಗೆರೆಯಾಗಿ ಬಿಡಿಸಿದರೆ ಇಡೀ ಗೆರೆಯೇ ಮೆಲ್ಲಗೆ ಏರಿ ಇಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಸಾಧಾರಣ ಆಕ್ಸಿಮೀಟರು ಆ ಏರಿಳಿತವನ್ನು ಗದ್ದಲವೆಂದು, ಅಂದರೆ ಅಳತೆಗೆ ಅಡ್ಡ ಬರುವ ಬೇಡದ ಸಂಕೇತವೆಂದು, ಸೋಸಿಬಿಡುತ್ತದೆ. ನಾಡಿ ನೋಡಿ ಅಳೆಯುವ ಈ ಆಕ್ಸಿಮೀಟರು ಹುಟ್ಟಿದ್ದೂ ಗದ್ದಲದಿಂದಲೇ. ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ 1970ರ ದಶಕದ ಮೊದಲಲ್ಲಿ ಹೃದಯ ಎಷ್ಟು ರಕ್ತ ದೂಡುತ್ತದೆಂದು ರಕ್ತಕ್ಕೆ ಬಣ್ಣ ಹಾಕಿ ಅಳೆಯುತ್ತಿದ್ದಾಗ, ನಾಡಿಯ ಅಲೆ ಅಡ್ಡ ಬರುತ್ತಿತ್ತು. ಅದನ್ನು ತೊಲಗಿಸಲು ಹೊರಟವರಿಗೆ ಆ ಅಲೆಯಲ್ಲೇ ರಕ್ತದ ಆಮ್ಲಜನಕ ಅಳೆಯುವ ದಾರಿ ಸಿಕ್ಕಿತು. ಕೊರೊನಾ ಕಾಲದಲ್ಲಿ ಅವರ ಉಪಕರಣ ಮನೆಮನೆ ಸೇರಿತು. ಅವರು 2020ರ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು.

ರಾತ್ರಿ ಒಂದು ಗಂಟೆ ಹೊತ್ತಿಗೆ ಅಮ್ಮನಿಗೆ ಜೊಂಪು ಹತ್ತಿತು. ಸೆನ್ಸರನ್ನು ಬೆರಳಿಗಿಟ್ಟು, ಹೊರಗಿನ ಬೆಳಕು ನುಗ್ಗದಂತೆ ಕಪ್ಪು ಬಟ್ಟೆ ಸುತ್ತಿದೆ. ಲ್ಯಾಪ್‌ಟಾಪಿನಲ್ಲಿ ಗರಗಸದ ಹಲ್ಲಿನಂತೆ ನಾಡಿ ಮೂಡಿತು, ಅದರಡಿ ನಿಧಾನದ ಅಲೆ. ಕೆಮ್ಮಿದಾಗ ಗೆರೆ ಚೆಲ್ಲಾಪಿಲ್ಲಿ. ಆ ನಿಮಿಷಗಳನ್ನು ಬಿಟ್ಟೆ. ಉಳಿದ ಕಡೆ ಹೆಚ್ಚುಕಮ್ಮಿ ನಾಲ್ಕು ಬಡಿತಕ್ಕೊಂದು ಅಲೆ. ನಾಡಿ 104. ಮೂರು ನಿಮಿಷ ಎಣಿಸಿದೆ: 26, 27, 26.

ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಉಸಿರು ಸಹಜ. 24 ಮುಟ್ಟಿದರೆ ಮನೆಯಲ್ಲಿಟ್ಟುಕೊಳ್ಳುವ ಹಂತ ಮುಗಿಯಿತು ಎಂದು ಆಗಿನ ಕೊರೊನಾ ಚಿಕಿತ್ಸಾ ಸೂಚಿಯಲ್ಲೇ ಇತ್ತು. ಶ್ವಾಸಕೋಶ ಸೋಲತೊಡಗಿದಾಗ ಮೈ ಬೇಗಬೇಗ ಉಸಿರಾಡಿ ಕೊರತೆ ತುಂಬಿಕೊಳ್ಳುತ್ತದೆ. ಹಾಗಾಗಿ 95 ಎಂಬ ಅಂಕಿ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತದೆ. ಅಷ್ಟು ದಿನ ನಾನು ಆ ಒಂದು ಅಂಕಿಯನ್ನೇ ನಂಬಿ ಕೂತಿದ್ದೆನಲ್ಲ ಎಂದು ಹೊಟ್ಟೆಯಲ್ಲಿ ತಳಮಳ ಎದ್ದಿತು.

ಎರಡು ಗಂಟೆಗೆ ಡಾಕ್ಟರಿಗೆ ಫೋನ್ ಮಾಡಿದೆ. "ಇಪ್ಪತ್ತಾರು ಅಂದ್ರಾ? ಬೆಳಗಾಗ್ಲಿ ಅಂತ ಕಾಯ್ಬೇಡಿ, ಈಗ್ಲೇ ಕರ್ಕೊಂಡ್ ಬನ್ನಿ."

ಆಸ್ಪತ್ರೆ ಬಾಗಿಲಲ್ಲಿ ಅಮ್ಮನ ಆಮ್ಲಜನಕ 91. ಐದು ದಿನ ಆಕ್ಸಿಜನ್ ಮೇಲಿದ್ದಳು.

ಮನೆಗೆ ಬಂದ ಎರಡು ವಾರಕ್ಕೆ, ಜಗುಲಿಯಲ್ಲಿ ಕೂತಿದ್ದಾಗ ತಾನಾಗಿಯೇ ಬೆರಳು ಚಾಚಿದಳು. ಅಲೆ ಎಣಿಸಿದೆ.

"ಎಷ್ಟ್ ಬಂತೋ?"

"ಹದಿನಾರು ಕಣಮ್ಮ."

"ಇವತ್ತು ನಿಂಗೆ ಸುಳ್ಳು ಉಸಿರು ತೋರಿಸಿಲ್ಲ" ಅಂದಳು.