ತಂಗಿಯ ಡ್ಯೂಟಿ, ಅಜ್ಜನ ಯೂನಿಯನ್ನು

ಇದು 2020ರ ಕೊರೋನಾ ಕಾಲದ ಮಾತು. ವಿಮಾನದಾಗ ಸಿಬ್ಬಂದಿಯಾಗಿರೋ ತಂಗಿಗೆ ಮತ್ತ ಡ್ಯೂಟಿ ಹಾಕ್ಯಾರ. ಮಾರ್ಚ್ 25ಕ್ಕ ನಿಂತ ದೇಶದೊಳಗಿನ ವಿಮಾನ ಮೇ 25ಕ್ಕ ಮತ್ತ ಹಾರಾಕ ಶುರುವಾದ್ರೂ, ಮೊದಲಿಗೆ ಬಿಟ್ಟಿದ್ದು ಮೂರನೇ ಒಂದು ಪಾಲಷ್ಟ. ಅಕಿ ಸರದಿ ಈಗ ಬಂತು. ಅಲ್ಲಿ ತನಕ ಹುಬ್ಬಳ್ಳ್ಯಾಗ ಕುಂತು ಅರ್ಧ ಪಗಾರ, ಆಮ್ಯಾಲೆ ಅದೂ ಇಲ್ಲ.

ನಮ್ಮ ಅಜ್ಜ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನ್ಯಾಗ ದುಡಿದಾಂವ, 1974ರ ಮೇ ತಿಂಗಳ ಮುಷ್ಕರ ಕಂಡಾಂವ. ಹಿಂಗಾಗಿ ಅಕಿ ಮೊಬೈಲ್ ಹಿಡಿದ್ರ ಸಾಕು, "ಏನಂದ್ರವಾ ನಿಮ್ಮ ಯೂನಿಯನ್‌ನವ್ರು?" ಅಂತಾನ.

ಅಕಿ ಯೂನಿಯನ್‌ನವ್ರ ಬೇಡಿಕಿ ಓದಿ ಹೇಳಿದ್ಲು: ಹೊರಗೂರಾಗ ಉಳಿದ್ರ ಒಬ್ಬೊಬ್ಬರಿಗೆ ಒಂದೊಂದು ರೂಮು, ಟೆಸ್ಟಿನ ಖರ್ಚು ಕಂಪನಿದು, ಕ್ವಾರಂಟೈನ್ ದಿನ ರಜಾದಾಗ ಹಿಡೀಬಾರದು. ಎಲ್ಲಾ ಮಾತುಕತಿ ನಡದಾವಂತ.

ಅಜ್ಜ ಚಾಳೀಸ ತಗದ. "ಸಹಿ ಆಗೇತೇನು?"

ಇಲ್ಲ.

ವಿಮಾನದಾಗ ನಡುವಿನ ಸೀಟು ತುಂಬಿದ್ರ ಅಲ್ಲಿ ಕುಂತ ಪ್ರಯಾಣಿಕರಿಗೆ ಗೌನು ಕೊಡಬೇಕಂತ ಜೂನ್‌ದಾಗ ಆದೇಶ ಬಂತು. ಸಿಬ್ಬಂದಿಗೂ ಪಿಪಿಇ ಸೂಟ್ ಐತಿ, ಖರೆ. ಆದ್ರ ಅದನ್ನ ಹಾಕ್ಕೊಂಡು ದಿನಕ್ಕ ಎರಡು ಮೂರು ಫ್ಲೈಟ್ ಓಡಾಡಬೇಕು. ನೀರು ಕುಡಿಯೂದು, ಬಾತ್‌ರೂಮಿಗೆ ಹೋಗೂದು ಎರಡೂ ತಾಪತ್ರಯ. ಸುರಕ್ಷತಾ ಅಂತ ಎಲ್ಲಾರೂ ಮಾತಾಡ್ತಾರ, ಅದರೊಳಗ ಬೆವರೋ ಮೈಯ ಲೆಕ್ಕ ಮಾತ್ರ ಯೂನಿಯನ್‌ನವ್ರೇ ಎತ್ತಬೇಕು ನೋಡ್ರಿ.

ಮಾರ್ಚ್ 22ರ ಸಂಜಿಗೆ ಕೊರೋನಾದಾಗೂ ದುಡಿಯೋರಿಗೆ ಧನ್ಯವಾದ ಅಂತ ನಮ್ಮ ಓಣಿಯವ್ರೂ ತಾಟು ಬಡದಿದ್ರು. ಈಗ ಅವ್ರೇ, "ಡ್ಯೂಟಿ ಮುಗಿಸಿ ಇಲ್ಲಿಗೇ ಬರ್ತಾಳೇನ್ರಿ?" ಅಂತ ಅವ್ವನ್ನ ಕೇಳಾಕತ್ತಾರ. ಅವ್ವ ನಕ್ಕು ಸುಮ್ಮನಾದ್ಲು. ನಾನಾಗಿದ್ರ ಸುಮ್ಮನಿರ್ತಿದ್ದಿಲ್ಲ.

ಬ್ಯಾಗ್ ತುಂಬೂದು ನಡದೈತಿ. ಯೂನಿಯನ್ ಚಂದಾ ಕಟ್ಟೀಯೋ ಇಲ್ಲೋ ಅಂತ ಅಜ್ಜ ಮತ್ತ ಕೇಳಾಕತ್ತಾನ.